ಸಿಂಗಲ್ಟನ್‌ನ ಬೇಲೀಫ್ ಮನೆ: ಕಂಬ, ತೊಲೆ, ಗೂಟ ನೋಡುವವರಿಗೆ ನಾಲ್ಕೂವರೆ ನಕ್ಷತ್ರ

ಇಂಗ್ಲೆಂಡಿನ ವೆಸ್ಟ್ ಸಸೆಕ್ಸ್‌ನಲ್ಲಿ ಚಿಚೆಸ್ಟರ್‌ನಿಂದ ಮಿಡ್‌ಹರ್ಸ್ಟ್‌ಗೆ ಹೋಗುವ ಎ286 ರಸ್ತೆಯಲ್ಲಿ ಸಿಂಗಲ್ಟನ್ ಎಂಬ ಹಳ್ಳಿ ಸಿಗುತ್ತದೆ. ಅಲ್ಲಿರುವುದು ವೀಲ್ಡ್ ಅಂಡ್ ಡೌನ್‌ಲ್ಯಾಂಡ್ ಲಿವಿಂಗ್ ಮ್ಯೂಸಿಯಂ. ಸುಮಾರು 40 ಎಕರೆ ಜಾಗ. ಸುತ್ತಲಿನ ಜಿಲ್ಲೆಗಳಲ್ಲಿ ರಸ್ತೆಗೋ ಕೆರೆಗೋ ಕ್ವಾರಿಗೋ ಬಲಿಯಾಗಬೇಕಿದ್ದ ಮನೆ, ಕಣಜ, ಗಿರಣಿಗಳನ್ನು ಒಂದೊಂದಾಗಿ ಬಿಚ್ಚಿ ತಂದು ಇಲ್ಲಿ ಮತ್ತೆ ನಿಲ್ಲಿಸಿದ್ದಾರೆ. ಎಲ್ಲವನ್ನೂ ನೋಡುತ್ತೇನೆಂದು ಹೊರಟರೆ ಯಾವುದೂ ತಲೆಯಲ್ಲಿ ಉಳಿಯುವುದಿಲ್ಲ. ನಮ್ಮ ಸಲಹೆ ಇಷ್ಟು: ಬೇಲೀಫ್ ಎಂಬ ಒಕ್ಕಲಿನ ಮನೆಗೆ ಎರಡು ಗಂಟೆ ಕೊಡಿ, ಮಿಕ್ಕ ಸಮಯವನ್ನು ಉಳಿದವಕ್ಕೆ ಹಂಚಿ. ಮರದ ಚೌಕಟ್ಟಿನ ಮನೆ ಹೇಗೆ ನಿಲ್ಲುತ್ತದೆ, ಎಲ್ಲಿ ಸೋಲುತ್ತದೆ ಎಂಬುದನ್ನು ಕಣ್ಣಾರೆ ಕಂಡು, ಕೈಯಿಂದ ಮುಟ್ಟಿ ತಿಳಿಯಲು ಇದಕ್ಕಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ಅರ್ಧ ನಕ್ಷತ್ರ ಏಕೆ ಕಡಿಮೆ ಎಂಬುದನ್ನು ಮುಂದೆ ಹೇಳುತ್ತೇವೆ.

ಬೇಲೀಫ್ ಮೊದಲು ಇದ್ದದ್ದು ಕೆಂಟ್ ಜಿಲ್ಲೆಯ ಚಿಡಿಂಗ್‌ಸ್ಟೋನ್ ಬಳಿಯ ಬೋ ಬೀಚ್‌ನಲ್ಲಿ. ಅಲ್ಲಿ ನೀರು ಸರಬರಾಜಿನ ಜಲಾಶಯ ಕಟ್ಟುವಾಗ ಮನೆಯ ಜಾಗ ಅದರ ಪಾಲಾಯಿತು. 1968–69ರಲ್ಲಿ ಮನೆಯನ್ನು ಬಿಚ್ಚಿ, ಒಂದೊಂದು ಮರಕ್ಕೂ ಗುರುತು ಹಾಕಿ ತಂದರು. 1970ರ ದಶಕದ ಆರಂಭದಲ್ಲಿ ಇಲ್ಲಿ ಎಬ್ಬಿಸಿ ನಿಲ್ಲಿಸಿದರು. ಮನೆ ಒಂದೇ ಸಲಕ್ಕೆ ಕಟ್ಟಿದ್ದಲ್ಲ. ನಡುಮನೆ ಮತ್ತು ಉಗ್ರಾಣದ ಭಾಗ 1405–30ರ ನಡುವಿನದು; ಇನ್ನೊಂದು ತುದಿಯ ಮಹಡಿ ಭಾಗ 1505–10ರ ಸುಮಾರಿನದು. ಮೊದಲನೆಯದಕ್ಕೆ ಇಪ್ಪತ್ತೈದು ವರ್ಷಗಳ ಅಂತರ ಕೊಟ್ಟು ಹೇಳಿರುವುದನ್ನು ಅಳತೆಯ ಸಡಿಲ ಎಂದುಕೊಳ್ಳಬೇಡಿ. ಮರದ ಉಂಗುರ ಎಣಿಸಿ ಕಾಲ ಹೇಳುವಾಗ ತೊಗಟೆಯ ಅಂಚು ಸಿಕ್ಕರೆ ಮಾತ್ರ ಕಡಿದ ವರ್ಷವನ್ನೇ ಹೇಳಬಹುದು. ಬಡಗಿ ಹೊರಗಿನ ಬಿಳಿಮರವನ್ನು ಕೆತ್ತಿ ತೆಗೆದಿದ್ದರೆ, ಚೇಗು ಮುಗಿದಲ್ಲಿಂದ ಆಚೆ ಎಷ್ಟು ಉಂಗುರ ಇದ್ದಿರಬಹುದು ಎಂದು ಲೆಕ್ಕ ಕಟ್ಟಬೇಕು. ಇಂಗ್ಲಿಷ್ ಓಕ್ ಮರದಲ್ಲಿ ಅದು ಹತ್ತೂ ಆಗಬಹುದು, ನಲವತ್ತೂ ಆಗಬಹುದು. ಹೀಗಾಗಿ ಉತ್ತರ ಒಂದು ವರ್ಷವಾಗಿರದೆ ಒಂದು ಅವಧಿಯಾಗಿರುತ್ತದೆ.

ಒಳಗೆ ನುಗ್ಗುವ ಮೊದಲು ಅಂಗಳದಲ್ಲೇ ಹತ್ತು ನಿಮಿಷ ನಿಲ್ಲಿ. ಇದು ನಾಲ್ಕು ಅಂಕಣದ ಮನೆ. ನಡುವಿನ ಎರಡು ಅಂಕಣ ನಡುಮನೆ, ನೆಲದಿಂದ ಮಾಡಿನವರೆಗೆ ಒಂದೇ ಪೊಳ್ಳು. ಎರಡೂ ತುದಿಯ ಒಂದೊಂದು ಅಂಕಣಕ್ಕೆ ಮಾತ್ರ ಮಹಡಿ. ಆ ಮಹಡಿಗಳು ಮುಂಭಾಗದಲ್ಲಿ ಕೆಳಗಿನ ಗೋಡೆಗಿಂತ ಮುಂದಕ್ಕೆ ಚಾಚಿವೆ. ನಡುಮನೆಯ ಗೋಡೆ ಹಿಂದೆಯೇ ಉಳಿದಿದೆ. ಆದರೆ ಮಾಡು ಮಾತ್ರ ಈ ತುದಿಯಿಂದ ಆ ತುದಿಗೆ ಒಂದೇ ನೇರ. ಹಾಗಾದರೆ ನಡುಮನೆಯ ಮುಂದೆ ಮಾಡಿನ ಅಂಚನ್ನು ಹೊತ್ತವರು ಯಾರು? ಗೋಡೆಯಿಂದ ದೂರ, ಗಾಳಿಯಲ್ಲಿ ತೇಲಿದಂತೆ ಒಂದು ಉದ್ದತೊಲೆ ಓಡುತ್ತದೆ. ಎರಡೂ ಬದಿಯ ಕಂಬಗಳಿಂದ ಬಿಲ್ಲಿನಂತೆ ಬಾಗಿದ ಆನಿಕೆ ಮರಗಳು ಎದ್ದು ಅದನ್ನು ಹಿಡಿದಿವೆ. ಈ ಮೂರು ಗುರುತು ಕಂಡರೆ, ಅಂದರೆ ಚಾಚಿದ ತುದಿಗಳು, ಹಿಂದೆ ಸರಿದ ನಡುಮನೆ ಮತ್ತು ಒಂದೇ ಮಾಡು, ಅದು ವೀಲ್ಡನ್ ಮಾದರಿಯ ಮನೆ. ಕೆಂಟ್ ಮತ್ತು ಸಸೆಕ್ಸ್‌ನ ಅನುಕೂಲಸ್ಥ ಒಕ್ಕಲು ಕುಟುಂಬಗಳು ಹೆಚ್ಚಾಗಿ ಕಟ್ಟಿಸಿದ್ದು ಇದೇ ಮಾದರಿಯನ್ನು.

ಚಾಚಿದ ಮಹಡಿಯ ಅಡಿಗೆ ಹೋಗಿ ತಲೆ ಎತ್ತಿ. ಜಂತಿಗಳ ತುದಿಗಳು ಸಾಲಾಗಿ ಹೊರಬಂದಿರುತ್ತವೆ. ಜಂತಿಗಳನ್ನು ಅಗಲ ಹೆಚ್ಚು, ಎತ್ತರ ಕಡಿಮೆ ಬರುವಂತೆ ಮಲಗಿಸಿ ಹಾಕಿದ್ದಾರೆ. ಇಂದಿನ ಯಾವ ಎಂಜಿನಿಯರ್ ಕೇಳಿದರೂ ಇದು ಮರ ದಂಡ ಎನ್ನುತ್ತಾರೆ. ಅದೇ ಮರವನ್ನು ನಿಲ್ಲಿಸಿ ಹಾಕಿದರೆ ಹೆಚ್ಚು ಭಾರ ತಾಳುತ್ತದೆ. ಅದು ನಿಜ. ಆದರೆ ಆ ಕಾಲದ ಬಡಗಿಗಳ ರೂಢಿ ಇದೇ ಆಗಿತ್ತು. ಮರಕ್ಕೆ ಬರವಿರಲಿಲ್ಲ, ಅಗಲವಾದ ಜಂತಿಯ ತುದಿಯಲ್ಲಿ ಮೇಲಿನ ಗೋಡೆಯ ಅಡಿತೊಲೆ ಗಟ್ಟಿಯಾಗಿ ಕೂರುತ್ತಿತ್ತು. ಮುಂದಕ್ಕೆ ಚಾಚಿದ ಗೋಡೆಯ ಭಾರ ಜಂತಿಯ ಹೊರತುದಿಯನ್ನು ಒತ್ತುವುದರಿಂದ ಒಳಗಿನ ನೆಲದ ಜೋಲು ಸ್ವಲ್ಪ ತಗ್ಗುತ್ತದೆ ಎಂಬ ವಾದವೂ ಇದೆ. ಶೋಕಿಗಾಗಿ ಚಾಚಿದರು ಎನ್ನುವವರೂ ಇದ್ದಾರೆ. ನಮಗೆ ಎರಡನೆಯದೇ ಹೆಚ್ಚು ಒಪ್ಪಿಗೆ, ಏಕೆಂದರೆ ಚಾಚು ಬಹುಪಾಲು ದಾರಿಹೋಕರಿಗೆ ಕಾಣುವ ಮಗ್ಗುಲಲ್ಲೇ ಇರುತ್ತದೆ.

ಈಗ ಮನೆಯ ಜೀವ ಇರುವ ಜಾಗಕ್ಕೆ ಬರೋಣ. ಗೋಡೆಯ ಮುಖ್ಯ ಕಂಬದ ತಲೆಯನ್ನು ಒಳಗಿನಿಂದ ನೋಡಿ. ಕಂಬ ಮೇಲೆ ಹೋದಂತೆ ಸಣ್ಣದಾಗುವುದಿಲ್ಲ, ದಪ್ಪವಾಗುತ್ತದೆ. ಮರದ ಬುಡದ ಭಾಗ ಮೇಲೆ ಬರುವಂತೆ ತಲೆಕೆಳಗಾಗಿ ನಿಲ್ಲಿಸಿದ್ದಾರೆ. ಕಾರಣ, ಆ ಒಂದೇ ತಲೆಯ ಮೇಲೆ ಎರಡು ತೊಲೆ ಕೂರಬೇಕು. ಹೊರಮಗ್ಗುಲಲ್ಲಿ ಕೆತ್ತಿದ ನಾಲಿಗೆಯ ಮೇಲೆ ಗೋಡೆಯುದ್ದಕ್ಕೂ ಓಡುವ ಉದ್ದತೊಲೆ ಇಳಿಯುತ್ತದೆ. ಒಳಮಗ್ಗುಲಲ್ಲಿ ಅದಕ್ಕಿಂತ ಎತ್ತರದ ಇನ್ನೊಂದು ನಾಲಿಗೆ. ಅದರ ಮೇಲೆ ಮನೆಯ ಅಗಲಕ್ಕೆ ಬರುವ ಅಡ್ಡತೊಲೆ. ಅಡ್ಡತೊಲೆಯ ಅಡಿಯಲ್ಲಿ ಪಾರಿವಾಳದ ಬಾಲದ ಆಕಾರದ ಕಚ್ಚು ಇದ್ದು, ಅದು ಉದ್ದತೊಲೆಯ ಬೆನ್ನಿಗೆ ಬಿಗಿಯಾಗಿ ಕೂರುತ್ತದೆ. ಪಕಾಸುಗಳು ಮಾಡಿನ ಭಾರಕ್ಕೆ ಗೋಡೆಯನ್ನು ಹೊರಕ್ಕೆ ತಳ್ಳುತ್ತಲೇ ಇರುತ್ತವೆ. ಆ ತಳ್ಳಾಟವನ್ನು ತಡೆಯುವುದು ಈ ಬಾಲದ ಕಚ್ಚು. ಕಂಬ, ಉದ್ದತೊಲೆ, ಅಡ್ಡತೊಲೆ, ಪಕಾಸು, ಈ ನಾಲ್ಕೂ ಒಂದೇ ಗಂಟಿನಲ್ಲಿ ಸೇರುವ ಈ ಜೋಡಣೆ ಇಂಗ್ಲಿಷ್ ಬಡಗಿಗಳ ದೊಡ್ಡ ಹೆಮ್ಮೆ. ಜೋಡಿಸುವ ಕ್ರಮ ತಪ್ಪುವಂತಿಲ್ಲ: ಮೊದಲು ಕಂಬ, ಆಮೇಲೆ ಉದ್ದತೊಲೆ, ಕೊನೆಗೆ ಮೇಲಿನಿಂದ ಅಡ್ಡತೊಲೆ. ಬಿಚ್ಚುವಾಗ ಇದರ ತಿರುಗುಮುರುಗು. ಕೆಡುವ ಜಾಗವೂ ಇದೇ. ಕಂಬದ ತಲೆ ಒಣಗಿ ಕುಗ್ಗಿದಾಗ ಎರಡು ನಾಲಿಗೆಗಳ ನಡುವೆ ಸೀಳು ಬಿಡುತ್ತದೆ, ಹೊರನಾಲಿಗೆ ಉದ್ದತೊಲೆಯ ಜೊತೆ ಕಳಚಿಕೊಳ್ಳುತ್ತದೆ. ಯಾವುದೇ ಹಳೆಯ ಚೌಕಟ್ಟಿನ ಮನೆಗೆ ಹೋದರೂ ಮೊದಲು ನೋಡಬೇಕಾದ್ದು ಈ ಸೀಳನ್ನು.

ಇದೆಲ್ಲ ಹಸಿ ಓಕ್ ಮರದ ಕೆಲಸ. ನಮ್ಮಲ್ಲಿ ಮರ ಕಡಿದು, ನೆರಳಲ್ಲಿ ಒಣಗಿಸಿ, ಆಮೇಲೆ ಉಳಿ ಹಾಕುವುದು ರೂಢಿ. ಓಕ್ ಒಣಗಿದ ಮೇಲೆ ಕಬ್ಬಿಣದಷ್ಟು ಗಟ್ಟಿ. ಕೈ ಹತ್ಯಾರಿಗೆ ಬಗ್ಗುವುದಿಲ್ಲ. ಅದಕ್ಕೇ ಕಡಿದ ಕೆಲವೇ ತಿಂಗಳಲ್ಲಿ ಕೆತ್ತಿ ನಿಲ್ಲಿಸಿ, ಮನೆಯಾದ ಮೇಲೆ ಒಣಗಲು ಬಿಡುತ್ತಿದ್ದರು. ಒಣಗುವಾಗ ಮರ ಉದ್ದಕ್ಕೆ ಕುಗ್ಗುವುದು ಇಲ್ಲವೆಂಬಷ್ಟು ಕಡಿಮೆ, ಅಡ್ಡಕ್ಕೆ ಚೆನ್ನಾಗಿ ಕುಗ್ಗುತ್ತದೆ: 300 ಮಿ.ಮೀ. ಅಗಲದ ತೊಲೆ 10ರಿಂದ 20 ಮಿ.ಮೀ. ಕಳೆದುಕೊಳ್ಳಬಹುದು. ಬೇಲೀಫ್‌ನ ತೊಲೆಗಳಲ್ಲಿ ಕಾಣುವ ಉದ್ದುದ್ದದ ಬಿರುಕುಗಳಿಗೆ, ಸೊಟ್ಟ ತಿರುಚಿಗೆ ಕಾರಣ ಇದು. ನೋಡಿದವರು ಮನೆ ಬೀಳುತ್ತಿದೆ ಎಂದು ಹೆದರುತ್ತಾರೆ. ಎಳೆಯ ದಿಕ್ಕಿನಲ್ಲೇ ಇರುವ ಬಿರುಕು ಅಪಾಯವಲ್ಲ. ಎಳೆಯನ್ನು ಅಡ್ಡಕ್ಕೆ ಕತ್ತರಿಸಿದಂತೆ ಬಂದ ಬಿರುಕು ಮಾತ್ರ ಅಪಾಯ.

ಕುಗ್ಗುವ ಮರದಲ್ಲಿ ಕಚ್ಚು ಸಡಿಲವಾಗದಂತೆ ಮಾಡುವ ಉಪಾಯ ಗೂಟದಲ್ಲಿದೆ. ನಾಲಿಗೆಯ ತೂತನ್ನು ಕಂಬದ ತೂತಿಗೆ ಸರಿಯಾಗಿ ಎದುರು ಕೊರೆಯುವುದಿಲ್ಲ. ಬೈರಿಗೆಯನ್ನು 3ರಿಂದ 5 ಮಿ.ಮೀ. ಬುಡದ ಕಡೆಗೆ ಸರಿಸಿ ಕೊರೆಯುತ್ತಾರೆ. ಆಮೇಲೆ ಸೀಳಿದ ಓಕ್‌ನಿಂದ ಮಾಡಿದ, ತುದಿ ಚೂಪಾದ, ಮುಕ್ಕಾಲರಿಂದ ಒಂದು ಇಂಚು ದಪ್ಪದ ಗೂಟವನ್ನು ಬಡಿದರೆ, ಅದು ಸೊಟ್ಟ ದಾರಿಯಲ್ಲಿ ನುಗ್ಗುತ್ತಾ ನಾಲಿಗೆಯನ್ನು ಒಳಕ್ಕೆ ಎಳೆದು ಬಿಗಿಯುತ್ತದೆ. ಗೂಟ ಗರಗಸದಲ್ಲಿ ಕೊಯ್ದದ್ದಾಗಿದ್ದರೆ ಎಳೆ ನಡುವೆ ಕಡಿದಿರುತ್ತದೆ, ಬಡಿಯುವಾಗ ಮುರಿಯುತ್ತದೆ. ಸೀಳಿದ ಗೂಟವೇ ಆಗಬೇಕು. ಕಬ್ಬಿಣದ ಮೊಳೆ ಹೊಡೆದರೆ ಏನಾಗುತ್ತದೆ ಎಂದು ತಿಳಿಯಲು ದೂರ ಹೋಗಬೇಕಿಲ್ಲ: ಓಕ್‌ನ ಒಗರು ರಸ ಕಬ್ಬಿಣವನ್ನು ತಿನ್ನುತ್ತದೆ, ಮೊಳೆಯ ಸುತ್ತ ಮಸಿಯಂಥ ನೀಲಿ-ಕಪ್ಪು ಕಲೆ ಹರಡುತ್ತದೆ. ಹಸಿ ಓಕ್‌ಗೆ ಲೋಹ ಬೇಕೇಬೇಕಾದಲ್ಲಿ ಇಂದು ಸ್ಟೇನ್‌ಲೆಸ್ ಸ್ಟೀಲ್ ಹಾಕುವುದು ಇದೇ ಕಾರಣಕ್ಕೆ.

ಇಂಥ ಮನೆಗಳಲ್ಲಿ ಕಚ್ಚುಗಳ ಪಕ್ಕ ಉಳಿಯಿಂದ ಗೀರಿದ ರೋಮನ್ ಅಂಕಿಗಳನ್ನು ಹುಡುಕಿ. ನಾಲ್ಕನ್ನು ನಾಲ್ಕು ಗೀಟಾಗಿಯೇ ಗೀರುವುದು ಸಾಮಾನ್ಯ. ಒಂದೊಂದು ಕಚ್ಚನ್ನೂ ಅದರದೇ ಜೋಡಿ ಮರದ ಮೇಲಿಟ್ಟು, ಗೆರೆ ಎಳೆದು ಕೆತ್ತಿದ್ದರಿಂದ ಒಂದರ ಜಾಗಕ್ಕೆ ಇನ್ನೊಂದು ಹೊಂದುವುದಿಲ್ಲ. ಹಾಗಾಗಿ ಬಡಗಿಯ ಅಂಗಳದಲ್ಲಿ ನೆಲದ ಮೇಲೆ ಇಡೀ ಚೌಕಟ್ಟನ್ನು ಒಮ್ಮೆ ಹೊಂದಿಸಿ, ನಂಬರ್ ಹಾಕಿ, ಬಿಚ್ಚಿ, ಗಾಡಿಗೆ ಹೇರಿ ಮನೆಯ ಜಾಗಕ್ಕೆ ತರುತ್ತಿದ್ದರು. ಬಿಚ್ಚಿ ಜೋಡಿಸುವಂತೆ ಹುಟ್ಟಿದ ಮನೆಯಾದ್ದರಿಂದಲೇ ಐದೂವರೆ ಶತಮಾನದ ಮೇಲೆ ಅದನ್ನು ಇನ್ನೊಂದು ಜಿಲ್ಲೆಗೆ ಸಾಗಿಸಲು ಬಂತು. ಇಟ್ಟಿಗೆಯ ಮನೆಗೆ ಈ ಭಾಗ್ಯವಿಲ್ಲ.

ಗೋಡೆಗೆ ಇಲ್ಲಿ ಹೊರೆ ಹೊರುವ ಕೆಲಸವಿಲ್ಲ. ಅದು ಬರೀ ತುಂಬು. ಮೇಲಿನ ಮರದ ಅಡಿಯಲ್ಲಿ ಬೈರಿಗೆಯಿಂದ ಸಾಲು ತೂತು, ಕೆಳಗಿನ ಮರದ ಬೆನ್ನಿಗೆ ಉದ್ದನೆಯ ಕಾಲುವೆ. ಓಕ್‌ನ ಕಡ್ಡಿಯ ತುದಿಯನ್ನು ತೂತಿಗೆ ಸಿಗಿಸಿ, ಬುಡವನ್ನು ಕಾಲುವೆಯಲ್ಲಿ ಜಾರಿಸಿ ನಿಲ್ಲಿಸುತ್ತಾರೆ. ಅದರ ನಡುವೆ ಹೇಜಲ್ ಗಿಡದ ಸಪೂರ ಬರಲನ್ನು ಬುಟ್ಟಿ ಹೆಣೆದಂತೆ ಹೆಣೆದರೆ ತಡಿಕೆ ಆಯಿತು. ಜೇಡಿಮಣ್ಣು, ಕತ್ತರಿಸಿದ ಹುಲ್ಲು, ಸೆಗಣಿ ಕಲಸಿ, ಎರಡೂ ಬದಿಯಿಂದ ಒಟ್ಟಿಗೆ ಎಸೆದು ಒತ್ತಬೇಕು. ಒಂದೇ ಬದಿಯಿಂದ ಮೆತ್ತಿದರೆ ಆ ಕಡೆಯ ಮಣ್ಣು ಹೆಣಿಗೆಯಲ್ಲಿ ಕಚ್ಚಿಕೊಳ್ಳದೆ ಹಾಳೆಯಾಗಿ ಕಳಚುತ್ತದೆ. ಹುಲ್ಲು ಕಡಿಮೆಯಾದರೆ ಒಣಗುವಾಗ ಬಿರಿಯುತ್ತದೆ, ನೀರು ಹೆಚ್ಚಾದರೆ ಇನ್ನೂ ಬಿರಿಯುತ್ತದೆ. ಮೇಲೆ ತೆಳು ಸುಣ್ಣದ ಗಾರೆ, ಆಮೇಲೆ ಸುಣ್ಣದ ಬಳಿತ. ಮಣ್ಣು ಒಣಗಿದಾಗ ಮರದ ಅಂಚಿನಲ್ಲಿ ಬೆರಳು ಹೋಗುವಷ್ಟು ಸಂದು ಬಿಟ್ಟೇ ಬಿಡುತ್ತದೆ. ಅದಕ್ಕೆ ಮತ್ತೆ ಸುಣ್ಣ-ಮಣ್ಣೇ ತುಂಬಬೇಕು.

ಒಳಗೆ ಕಾಲಿಟ್ಟರೆ ಅಡ್ಡಹಜಾರ. ಒಂದು ಕಡೆ ಎರಡು ಸಣ್ಣ ಕೋಣೆಗಳು, ಒಂದು ಪಾನೀಯದ ಪೀಪಾಯಿಗೆ, ಇನ್ನೊಂದು ರೊಟ್ಟಿ, ಕಾಳುಕಡಿ ಇಡಲು. ಇನ್ನೊಂದು ಕಡೆ ನಡುಮನೆ. ನೆಲ ಮಣ್ಣಿನದು. ನಟ್ಟನಡುವೆ ಒಲೆಯ ಕಟ್ಟೆ, ಚಿಮಣಿ ಇಲ್ಲ. ಹೊಗೆ ನೇರ ಮಾಡಿಗೆ ಏರಿ, ಹೆಂಚಿನ ಸಂದಿಯಿಂದ, ಮಾಡಿನ ಎರಡೂ ತುದಿಯ ತ್ರಿಕೋನ ಕಿಂಡಿಗಳಿಂದ ಹೊರಹೋಗಬೇಕು. ಬೆಂಕಿ ಉರಿಯುತ್ತಿರುವ ದಿನ ಹೋಗುವುದೇ ಮೇಲು. ಆಗಲೇ ತಿಳಿಯುವುದು, ನಿಂತವರ ತಲೆಯ ಮೇಲೆ ಹೊಗೆಯ ಒಂದು ಮಟ್ಟ ಕಟ್ಟುತ್ತದೆ, ಅದರ ಕೆಳಗೆ ಕುಳಿತವರಿಗೆ ಅಷ್ಟೇನೂ ತೊಂದರೆಯಿಲ್ಲ ಎಂಬುದು. ಬಾಗಿಲು ಕಿಟಕಿ ಎರಡನ್ನೂ ತೆರೆದು ಗಾಳಿ ಆಡಿಸಿದರೆ ಹೊಗೆ ಕೆಳಗಿಳಿದು ಕಣ್ಣು ಉರಿಸುತ್ತದೆ. ಗಾಳಿ ಬೀಸುವ ಕಡೆಯ ಕಿಟಕಿ ಮುಚ್ಚಿ, ಇನ್ನೊಂದು ಬದಿಯದನ್ನು ತೆರೆದಿಡುವುದೇ ಇಲ್ಲಿ ಹೊಗೆಯನ್ನು ಹದಕ್ಕೆ ತರುವ ಬಗೆ. ಕಿಟಕಿಗೆ ಗಾಜಿಲ್ಲ, ಮೂಲೆ ಮುಂದೆ ಬರುವಂತೆ ತಿರುಗಿಸಿ ನಿಲ್ಲಿಸಿದ ಚೌಕ ಕಡ್ಡಿಗಳು, ಒಳಗಿನಿಂದ ಹಲಗೆಯ ಕದ. ಮಲೆನಾಡಿನ ಕಿಟಕಿಯ ಸರಳುಗಳನ್ನು ಕಂಡವರಿಗೆ ಇದೇನೂ ಹೊಸತಲ್ಲ.

ಟಾರ್ಚ್ ಇದ್ದರೆ ಪಕಾಸುಗಳ ಮೇಲೆ ಬಿಡಿ. ತೆರೆದ ನಡುಮನೆಯ ಮೇಲಿನ ಹಳೆಯ ಮರ ಮಸಿ ಹಿಡಿದು ಕಪ್ಪಾಗಿರುತ್ತದೆ. ಮನೆಯ ಒಳಗೆ ಹಿಂದೆ ಏನಿತ್ತು ಎಂದು ಪತ್ತೆ ಹಚ್ಚುವವರಿಗೆ ಈ ಮಸಿಯೇ ದೊಡ್ಡ ಸಾಕ್ಷಿ: ಈಗ ಮಹಡಿ ಇದ್ದರೂ ಅದರ ಮೇಲಿನ ಮಾಡಿನ ಮರ ಕಪ್ಪಾಗಿದ್ದರೆ ಅಲ್ಲಿ ಒಂದು ಕಾಲಕ್ಕೆ ತೆರೆದ ಒಲೆ ಉರಿದಿತ್ತು ಎಂದರ್ಥ. ಮಾಡಿನ ಕಟ್ಟಣೆ ಕ್ರೌನ್ ಪೋಸ್ಟ್ ಬಗೆಯದು. ಅಡ್ಡತೊಲೆಯ ನಡುವಿನಿಂದ ಒಂದು ಗಿಡ್ಡ ಕಂಬ ಏಳುತ್ತದೆ, ಆದರೆ ಅದು ಮಾಡಿನ ತುದಿಯವರೆಗೆ ಹೋಗುವುದಿಲ್ಲ. ಅರ್ಧದಲ್ಲೇ ಮನೆಯುದ್ದಕ್ಕೆ ಓಡುವ ಒಂದು ತೊಲೆಯನ್ನು ಹಿಡಿದು ನಿಲ್ಲುತ್ತದೆ. ಆ ತೊಲೆಯ ಮೇಲೆ ಪ್ರತಿ ಜೋಡಿ ಪಕಾಸನ್ನು ಕಟ್ಟುವ ಅಡ್ಡಪಟ್ಟಿ ಕೂರುತ್ತದೆ. ಈ ಕಟ್ಟಣೆಯ ಕೆಲಸ ಒಂದೇ: ಪಕಾಸು ಜೋಡಿಗಳು ಒಂದರ ಹಿಂದೆ ಒಂದು ಒಂದೇ ಕಡೆಗೆ ವಾಲದಂತೆ ನೋಡಿಕೊಳ್ಳುವುದು. ಮುಂದೆ ಎಲ್ಲಾದರೂ ಹಳೆಯ ಮನೆಯ ಮಾಡು ಉದ್ದಕ್ಕೆ ವಾಲಿದ್ದು ಕಂಡರೆ, ಅಟ್ಟದಲ್ಲಿ ಓಡಾಡಲು ಅಡ್ಡವೆಂದು ಯಾರೋ ಈ ಕಂಬದ ಓರೆ ಆನಿಕೆಗಳನ್ನು ಗರಗಸ ಹಾಕಿ ತೆಗೆದಿದ್ದಾರೆಯೇ ಎಂದು ಮೊದಲು ನೋಡಿ.

ಮಹಡಿಗೆ ಎರಡು ಏಣಿಮೆಟ್ಟಿಲು, ಒಂದೊಂದು ತುದಿಗೆ ಒಂದೊಂದು. ನಡುವೆ ನಡುಮನೆ ಮಾಡಿನವರೆಗೆ ತೆರೆದಿರುವುದರಿಂದ ಒಂದು ಮಹಡಿಯಿಂದ ಇನ್ನೊಂದಕ್ಕೆ ಹೋಗಲು ಕೆಳಗಿಳಿದೇ ಹೋಗಬೇಕು. ಮೆಟ್ಟಿಲು ಕಡಿದು, ಮಂಡಿ ನೋವಿನವರು ಕೆಳಗೇ ಇರುವುದು ಒಳ್ಳೆಯದು, ಮುಖ್ಯವಾದದ್ದೆಲ್ಲ ಕೆಳಗೇ ಇದೆ. ಮೇಲಿನ ಯಜಮಾನರ ಕೋಣೆಗೆ ಹೊಂದಿಕೊಂಡು ಗೋಡೆಯಾಚೆ ಚಾಚಿದ ಶೌಚದ ಗೂಡು ಇದೆ. ಮಕ್ಕಳಿಗೆ ಇಡೀ ಮನೆಯಲ್ಲಿ ನೆನಪುಳಿಯುವುದು ಅದೊಂದೇ.

ಮಾಡಿಗೆ ಹೊದಿಸಿದ್ದು ಚಪ್ಪಟೆ ಹೆಂಚು. ಇಂಗ್ಲೆಂಡಿನಲ್ಲಿ 1477ರ ಕಾನೂನೇ ಇದರ ಅಳತೆಯನ್ನು ಹತ್ತೂವರೆ ಇಂಚು ಉದ್ದ, ಆರೂಕಾಲು ಇಂಚು ಅಗಲ ಎಂದು ಗೊತ್ತುಮಾಡಿತ್ತು. ಮೇಲುತುದಿಯ ತೂತಿಗೆ ಪುಟ್ಟ ಮರದ ಗೂಟ ಸಿಗಿಸಿ ರೀಪಿಗೆ ನೇತುಹಾಕುತ್ತಾರೆ. ಒಂದಕ್ಕೊಂದು ಕಚ್ಚಿಕೊಳ್ಳುವ ಅಂಚಿಲ್ಲದ್ದರಿಂದ ಎಲ್ಲೆಲ್ಲೂ ಕನಿಷ್ಠ ಎರಡು ಪದರ ಬರುವಂತೆ ಹೊದಿಸಬೇಕು. ಒಂದು ಚದರ ಮೀಟರಿಗೆ ಸುಮಾರು ಅರವತ್ತು ಹೆಂಚು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ಹಾಕಿ ತೆಗೆದ ತೋಡುಳ್ಳ ಹೆಂಚು ಅದೇ ಜಾಗಕ್ಕೆ ಹದಿನೈದರಷ್ಟು ಸಾಕು, ಭಾರವೂ ಬಹಳ ಕಡಿಮೆ. ಇಷ್ಟು ಹೊರೆ ಹೊರಬೇಕಾದ್ದರಿಂದ ಇಲ್ಲಿನ ಪಕಾಸುಗಳು ನಮ್ಮ ಕಣ್ಣಿಗೆ ತೊಲೆಯಷ್ಟೇ ದಪ್ಪ ಕಾಣುತ್ತವೆ. ಇಳಿಜಾರು ಸುಮಾರು 50 ಡಿಗ್ರಿ. ಅದಕ್ಕಿಂತ ತೀರ ಕಡಿಮೆ ಮಾಡಿದರೆ ಗಾಳಿಮಳೆಗೆ ನೀರು ಚಪ್ಪಟೆ ಹೆಂಚಿನ ಅಡಿಯಲ್ಲಿ ಮೇಲಕ್ಕೆ ಹತ್ತುತ್ತದೆ.

ಈಗ ಅರ್ಧ ನಕ್ಷತ್ರದ ಲೆಕ್ಕ. ಬೇಲೀಫ್ ಜಲಾಶಯದ ಅಂಚಿನಲ್ಲಿ ಸಿಕ್ಕಾಗ ನೀವೀಗ ನೋಡುತ್ತಿರುವಂತೆ ಇರಲಿಲ್ಲ. ನಂತರದ ಕಾಲದವರು ನಡುಮನೆಗೆ ಮಹಡಿ ಹಾಕಿ, ಇಟ್ಟಿಗೆ ಚಿಮಣಿ ಎಬ್ಬಿಸಿ, ಬದುಕಲು ಬರುವ ಮನೆಯಾಗಿ ಮಾಡಿಕೊಂಡಿದ್ದರು. ಇಲ್ಲಿ ಕಟ್ಟುವಾಗ ಅದನ್ನೆಲ್ಲ ಬಿಟ್ಟು, ಹಳೆಯ ತೆರೆದ ನಡುಮನೆಯ ರೂಪಕ್ಕೆ ತಂದರು. ಒಳಗಿನ ಮೇಜು, ಬೆಂಚು, ಮಂಚ, ಪೆಟ್ಟಿಗೆಗಳೆಲ್ಲ 1540ರ ಸುಮಾರಿನ ಬಾಳನ್ನು ತೋರಿಸಲು ಹೊಸದಾಗಿ ಮಾಡಿಸಿದ ಪ್ರತಿಕೃತಿಗಳು. ಇದರ ಲಾಭ ದೊಡ್ಡದು, ಕಟ್ಟಡದ ಬುದ್ಧಿ ಕಣ್ಣಿಗೆ ಬಿಚ್ಚಿಕೊಳ್ಳುತ್ತದೆ. ನಷ್ಟವೂ ಇದೆ: ಒಂದೇ ಮನೆಯನ್ನು ನಾಲ್ಕುನೂರು ವರ್ಷ ಹೊಂದಿಸಿಕೊಂಡು ಬಂದ ಸಂಸಾರಗಳ ಕೈಗುರುತು ಹೋಯಿತು. ಹಳೆಯ ಮನೆ ಎಂದರೆ ಮೊದಲ ದಿನದ ಮನೆ ಮಾತ್ರ ಎಂಬ ಹಟ ನಮಗೆ ಒಪ್ಪಿಗೆಯಾಗುವುದಿಲ್ಲ. ಅದೇ ಆವರಣದಲ್ಲಿ ಮಿಡ್‌ಹರ್ಸ್ಟ್ ಬಳಿಯಿಂದ ತಂದ 1609ರ ಪೆಂಡೀನ್ ಮನೆ ಇರುವುದರಿಂದ ಈ ಕೊರತೆ ಅಷ್ಟಿಷ್ಟು ತುಂಬುತ್ತದೆ. ಪೆಂಡೀನ್‌ಗೆ ಹುಟ್ಟಿನಿಂದಲೇ ನಡುವೆ ಇಟ್ಟಿಗೆ ಚಿಮಣಿ, ಎಲ್ಲ ಕೋಣೆಗಳ ಮೇಲೂ ಮಹಡಿ. ಬೇಲೀಫ್ ನೋಡಿ ನೇರ ಅಲ್ಲಿಗೆ ನಡೆದರೆ ನೂರು ವರ್ಷದಲ್ಲಿ ಏನು ಬದಲಾಯಿತು ಎಂಬುದು ಮೈಗೇ ಗೊತ್ತಾಗುತ್ತದೆ: ಹೊಗೆ ಇಲ್ಲ, ಬಿಸಿ ಇದೆ, ಆದರೆ ತಲೆಯ ಮೇಲಿನ ಆ ಎತ್ತರವೂ ಇಲ್ಲ.

ಹೊಸ ಮರ ಎಲ್ಲಿ, ಹಳೆಯದೆಲ್ಲಿ ಎಂದು ಗುರುತಿಸುವುದನ್ನೇ ಒಂದು ಆಟವಾಗಿ ಮಾಡಿಕೊಳ್ಳಿ. ಅಂಚು ನೇರ, ಮುಖ ಸಪಾಟಾಗಿದ್ದರೆ ಬಹುಮಟ್ಟಿಗೆ ಹೊಸದು. ಹಳೆಯದರಲ್ಲಿ ಕೊಡಲಿಯ ಏಟಿನ ಗುಳಿ, ಬಳಕೆಯಾಗದ ಖಾಲಿ ತೂತು, ಅಂಚಿನಲ್ಲಿ ತೊಗಟೆ ಇದ್ದ ಜಾಗದ ದುಂಡು ಕಾಣುತ್ತದೆ. ಖಾಲಿ ತೂತು ಕಂಡರೆ ಅಲ್ಲಿ ಒಮ್ಮೆ ಏನೋ ಕೂತಿತ್ತು. ತಡಿಕೆಯ ಕಡ್ಡಿಯೋ, ಕಿಟಕಿಯ ಸರಳೋ, ಬಾಗಿಲ ಚೌಕಟ್ಟೋ ಎಂದು ಅದರ ಆಕಾರದಿಂದಲೇ ಹೇಳಬಹುದು. ಕಂಬದ ಬುಡ ಕೊಳೆತಲ್ಲಿ ಇಡೀ ಕಂಬ ಬದಲಿಸದೆ, ಕೆಳಗಿನ ತುಂಡನ್ನು ಮಾತ್ರ ಓರೆಗೆ ಕತ್ತರಿಸಿ, ಹೊಸ ಓಕ್‌ನ ತುಂಡು ಕಚ್ಚಿಸಿ ಗೂಟ ಬಡಿಯುವುದು ಸರಿಯಾದ ರಿಪೇರಿ. ಬೇಲೀಫ್‌ನ ಮರಕ್ಕೆ ಬಣ್ಣ ಬಳಿದಿಲ್ಲ, ಬೂದಿಬಣ್ಣಕ್ಕೆ ತಿರುಗಿ ನಿಂತಿದೆ. ಇಂಗ್ಲಿಷ್ ಹಳ್ಳಿಗಳ ಚಿತ್ರಗಳಲ್ಲಿ ಕಾಣುವ ಕಪ್ಪು ಮರ, ಬಿಳಿ ಗೋಡೆಯ ಜೋಡಿ ಈ ಭಾಗಕ್ಕೆ ಬಹುಮಟ್ಟಿಗೆ ಈಚಿನ ಶೋಕಿ.

ಇಂಥ ಮನೆಯನ್ನು ಕೊಲ್ಲುವುದು ವಯಸ್ಸಲ್ಲ, ತೇವ. ಮೊದಲು ಹೋಗುವುದು ಅಡಿಪಾಯದ ಕಲ್ಲಿನ ಮೇಲೆ ಮಲಗಿದ ಅಡಿತೊಲೆ. ಸುತ್ತಲಿನ ನೆಲ ವರ್ಷವರ್ಷಕ್ಕೆ ಏರಿ ಮರವನ್ನು ಮುಟ್ಟಿದರೆ ಕತೆ ಮುಗಿದಂತೆ. ಎರಡನೆಯ ಕೊಲೆಗಾರ ಸಿಮೆಂಟ್. ಸುಣ್ಣದ ಗಾರೆ ಉದುರಿತೆಂದು ಅಂಕಣದ ತುಂಬಿಗೆ ಸಿಮೆಂಟ್ ಬಳಿದರೆ, ಮರ ಕುಗ್ಗಿದ ಸಂದಿಯಿಂದ ಒಳಹೋದ ನೀರಿಗೆ ಹೊರಬರಲು ದಾರಿ ಇರುವುದಿಲ್ಲ. ಹೊರಗಿನಿಂದ ಗಟ್ಟಿಮುಟ್ಟಾಗಿ ಕಾಣುವ ತೊಲೆ ಒಳಗೆ ಹುಡಿಯಾಗಿರುತ್ತದೆ. ಹೀಗೆ ತೇವಕ್ಕೆ ಮೆತ್ತಗಾದ ಓಕ್‌ಗೇ ಡೆತ್‌ವಾಚ್ ಎಂಬ ಕುಟ್ಟೆಹುಳು ಬೀಳುವುದು. ಅದರ ಮರಿ ಮರದೊಳಗೆ ಐದು-ಹತ್ತು ವರ್ಷ ತಿನ್ನುತ್ತಾ ಕೂರುತ್ತದೆ; ಬೆಳೆದ ಹುಳು ವಸಂತದಲ್ಲಿ ಹೊರಬಂದು ತಲೆಯಿಂದ ಮರವನ್ನು ಟಕಟಕ ಬಡಿಯುತ್ತದೆ. ಸೋರುವುದನ್ನು ನಿಲ್ಲಿಸದೆ ಔಷಧ ಹೊಡೆಸುವುದು ದುಡ್ಡು ದಂಡ. ಒಣ ಚೇಗಿಗೆ ಅದು ಅಷ್ಟಾಗಿ ಬರುವುದಿಲ್ಲ.

ಊರಿನಲ್ಲಿ ತೊಟ್ಟಿಮನೆ, ಚೌಕಿಮನೆ ಉಳಿಸಿಕೊಂಡವರು ಇಲ್ಲಿಂದ ಏನು ಒಯ್ಯಬಹುದು? ಎಲ್ಲವನ್ನೂ ಅಲ್ಲ. ನಮ್ಮ ಮನೆಗಳಲ್ಲಿ ಹೊರಗಿನ ಮಣ್ಣಿನ ಅಥವಾ ಕೆಂಪುಕಲ್ಲಿನ ದಪ್ಪ ಗೋಡೆಯೂ ಮಾಡಿನ ಹೊರೆ ಹೊರುತ್ತದೆ, ಮನೆ ಅಲುಗದಂತೆಯೂ ಹಿಡಿಯುತ್ತದೆ. ಕಂಬಗಳು ಹೆಚ್ಚಾಗಿ ಒಳಗೆ, ತೊಟ್ಟಿಯ ಸುತ್ತ. ಅದಕ್ಕೇ ನಮ್ಮಲ್ಲಿ ಇಲ್ಲಿನಂತೆ ಗೋಡೆ ತುಂಬ ಓರೆ ಆನಿಕೆಗಳು ಕಾಣುವುದಿಲ್ಲ. ಗೋಡೆ ಕೆಡವಿ ಹಾಲ್ ದೊಡ್ಡದು ಮಾಡಿಸುವವರು ಇದನ್ನು ಮರೆತು, ಕಂಬ ಇದೆಯಲ್ಲ ಎಂದು ನಂಬಿ ಕೆಡುತ್ತಾರೆ. ಗೆದ್ದಲಿನ ಕಾಟ ಇಂಗ್ಲೆಂಡಿನಲ್ಲಿಲ್ಲ, ಹಾಗಾಗಿ ಮರವನ್ನು ಮಣ್ಣಿಗೆ ಇಷ್ಟು ಹತ್ತಿರ ತರುವ ಧೈರ್ಯ ಅವರಿಗೆ. ನಮ್ಮ ಕಂಬಕ್ಕೆ ಅಡಿಗಲ್ಲು ಬೇಕೇ ಬೇಕು. ಆದರೆ ಕೊಳೆತಷ್ಟನ್ನೇ ಕತ್ತರಿಸಿ ತುಂಡು ಕೂಡಿಸುವ ಕ್ರಮ, ಹಳೆಯ ಗಾರೆಗೆ ಸುಣ್ಣವನ್ನೇ ಬಳಸುವುದು, ಬಿಚ್ಚುವ ಮೊದಲು ಪ್ರತಿ ಮರಕ್ಕೂ ನಂಬರ್ ಹಾಕಿ ನಕ್ಷೆ ಬರೆದುಕೊಳ್ಳುವುದು, ಇವು ಎಲ್ಲಿಗಾದರೂ ಸಲ್ಲುತ್ತವೆ. ಬ್ರಿಟನ್ನಿನಲ್ಲೇ ಮನೆ ಕೊಳ್ಳಲು ಹೊರಟ ಕನ್ನಡಿಗರಿಗೆ ಇನ್ನೊಂದು ಮಾತು: 1700ಕ್ಕಿಂತ ಹಿಂದಿನ, ಮೂಲರೂಪ ಬಹುಪಾಲು ಉಳಿದಿರುವ ಮನೆಗಳು ಹೆಚ್ಚಿನಂಶ ಸರ್ಕಾರದ ಸಂರಕ್ಷಿತ ಪಟ್ಟಿಯಲ್ಲಿರುತ್ತವೆ. ಅನುಮತಿ ಇಲ್ಲದೆ ಅದರ ಸ್ವರೂಪ ಬದಲಿಸುವುದು ಕ್ರಿಮಿನಲ್ ಅಪರಾಧ. ಹಿಂದಿನ ಮಾಲೀಕರು ಮಾಡಿದ ಅನಧಿಕೃತ ಕೆಲಸವನ್ನು ಸರಿಪಡಿಸುವ ಹೊಣೆಯೂ ಕೊಂಡವರ ತಲೆಗೆ ಬರಬಹುದು. ಸರ್ವೇ ಮಾಡಿಸುವಾಗ ಹಳೆಯ ಮರದ ಮನೆ ಗೊತ್ತಿರುವವರನ್ನೇ ಹಿಡಿಯಿರಿ.

ಹೋಗುವ ದಾರಿ: ಲಂಡನ್ ವಿಕ್ಟೋರಿಯಾದಿಂದ ಚಿಚೆಸ್ಟರ್‌ಗೆ ರೈಲು, ಅಲ್ಲಿಂದ ಮಿಡ್‌ಹರ್ಸ್ಟ್ ಕಡೆಯ 60ನೇ ನಂಬರ್ ಬಸ್ಸು ಸಿಂಗಲ್ಟನ್ ಮೇಲೆ ಹೋಗುತ್ತದೆ. ಟಿಕೆಟ್ ದರ, ತೆರೆದಿರುವ ದಿನಗಳನ್ನು ಮ್ಯೂಸಿಯಂ ವೆಬ್‌ಸೈಟಿನಲ್ಲಿ ನೋಡಿಕೊಂಡೇ ಹೊರಡಿ. ದಾರಿ ಏರಿಳಿತದ್ದು, ಮಳೆ ಬಂದರೆ ಜಾರುತ್ತದೆ, ಚಪ್ಪಲಿ ಬೇಡ. ಚಳಿಗಾಲದಲ್ಲಿ ಗಾಜಿಲ್ಲದ ಮನೆಯೊಳಗೆ ಹೊರಗಿಗಿಂತ ಬೆಚ್ಚಗಿರುತ್ತದೆ ಎಂದು ನಂಬಿ ಸ್ವೆಟರ್ ಬಿಚ್ಚಬೇಡಿ. ಬೋ ಬೀಚ್‌ನಿಂದಲೇ ಬಂದ ವಿಂಕ್‌ಹರ್ಸ್ಟ್ ಈಗ ಟ್ಯೂಡರ್ ಅಡುಗೆಮನೆ. ಅಲ್ಲಿ ಅಡುಗೆ ಮಾಡಿ ತೋರಿಸುವ ದಿನ ಸಿಕ್ಕರೆ ಬಿಡಬೇಡಿ. ಲರ್ಗಷಾಲ್ ನೀರುಗಿರಣಿಯಲ್ಲಿ ಬೀಸಿದ ಗೋಧಿಹಿಟ್ಟು ಮಾರಾಟಕ್ಕಿರುತ್ತದೆ, ಚಪಾತಿಗೆ ಸ್ವಲ್ಪ ತರಿ, ರೊಟ್ಟಿಗೆ ಚೆನ್ನ.

ಕೊನೆಗೆ ಸ್ವಲ್ಪ ಸಮಯ ಉಳಿದರೆ ಗ್ರಿಡ್‌ಶೆಲ್‌ಗೆ ಹೋಗಿ. 2002ರಲ್ಲಿ ಎಡ್ವರ್ಡ್ ಕಲಿನನ್ ಅವರ ಕಚೇರಿ ವಿನ್ಯಾಸ ಮಾಡಿದ ಕಟ್ಟಡ ಇದು. ಬರೀ 50 x 35 ಮಿ.ಮೀ. ಹಸಿ ಓಕ್ ಪಟ್ಟಿಗಳನ್ನು ಎತ್ತರದ ಅಟ್ಟಣಿಗೆಯ ಮೇಲೆ ಚಪ್ಪಟೆ ಜಾಲವಾಗಿ ಹಾಸಿ, ಆಮೇಲೆ ಆಸರೆಗಳನ್ನು ಸ್ವಲ್ಪಸ್ವಲ್ಪವೇ ಇಳಿಸುತ್ತಾ ಹೋಗಿ, ಇಡೀ ಮಾಡು ತಾನೇ ಬಾಗುವಂತೆ ಮಾಡಿದರು. ಬೇಲೀಫ್‌ನ ಬಡಗಿ ಹಸಿ ಮರವನ್ನು ಆರಿಸಿದ್ದು ಉಳಿ ಇಳಿಯಲಿ ಎಂದು. ಇಲ್ಲಿ ಆರಿಸಿದ್ದು ಮುರಿಯದೆ ಬಾಗಲಿ ಎಂದು. ಚೌಕಟ್ಟು ಕಟ್ಟುವ, ಸುಣ್ಣದ ಗಾರೆ ಕಲಸುವ, ಓಕ್ ರಿಪೇರಿ ಮಾಡುವ ತರಬೇತಿ ತರಗತಿಗಳನ್ನೂ ಮ್ಯೂಸಿಯಂ ನಡೆಸುತ್ತದೆ. ಊರಿನ ಮನೆಗೆ ಕೈ ಹಾಕುವ ಯೋಚನೆ ಇದ್ದವರು ಮೊದಲು ಸೇರಬೇಕಾದ್ದು ಸುಣ್ಣದ ತರಗತಿಗೆ. ಚೌಕಟ್ಟಿನ ಕೆಲಸಕ್ಕೆ ನಮ್ಮ ಬಡಗಿಗಳು ಈಗಲೂ ಸಿಗುತ್ತಾರೆ, ಸುಣ್ಣದ ಹದ ಬಲ್ಲ ಗಾರೆಯವರು ಸಿಗುವುದು ಅಪರೂಪ.